ಅವಳು ತವರಿನಲ್ಲಿ, ಕರೆ ಗಂಡನ ಫೋನಿಗೆ

ಆಗ ನಾನು ಬಸುರಿಯರಿಗಾಗಿ ಕನ್ನಡದಲ್ಲಿ ಆರೋಗ್ಯದ ಸಂದೇಶ ಬರೆದು, ನಾನೇ ಓದಿ ಧ್ವನಿಮುದ್ರಿಸುತ್ತಿದ್ದೆ. ಪುಣೆಗೆ ಕಟ್ಟಡ ಕೆಲಸಕ್ಕೆ ಬಂದ ವಿಜಯಪುರ, ಕಲಬುರ್ಗಿ ಕಡೆಯ ಹೆಣ್ಣುಮಕ್ಕಳಿಗೆ ಮರಾಠಿ ಸಂದೇಶ ಅರ್ಥವಾಗುವುದಿಲ್ಲ ಎಂದು ನಮ್ಮ ಸಂಸ್ಥೆಗೆ ಅನ್ನಿಸಿತ್ತು. ವಾರಕ್ಕೊಂದು ಕರೆ, ಎತ್ತಿದರೆ ನನ್ನ ಧ್ವನಿ. ಫೋನು ಎತ್ತಿದವರೆಲ್ಲ ವಿಷಯ ತಿಳಿದುಕೊಂಡರು ಎನ್ನುವ ವರದಿಗಳನ್ನು ನಾನು ನಂಬುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಅಷ್ಟು ಅನುಮಾನವನ್ನಾದರೂ ಉಳಿಸಿತ್ತು. ಅದಕ್ಕೇ ಪುಣೆಯ ಕೊಂಢವಾ ಬಡಾವಣೆಯ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹುಡುಗಿಗೆ ಎಲ್ಲವನ್ನೂ ಮೊದಲು ಕೇಳಿಸುತ್ತಿದ್ದೆ. ಅವಳಿಗೆ ಚೊಚ್ಚಲ ಬಸಿರು, ಏಳನೆಯ ತಿಂಗಳು. ಗಂಡ ಗೌಂಡಿ.

ಸೀಮಂತದ ಕುಬಸ ಮಾಡಿಸಿಕೊಂಡ ಮರುದಿನ ಕೈತುಂಬ ಹಸಿರು ಬಳೆ ತೊಟ್ಟು ಬಂದಳು. ಬೆಳಗಾದರೆ ತವರಿಗೆ ಹೊರಡುವವಳು. ಮುಖ, ಕೈ ಬಾತುಕೊಂಡರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಅದು ಬಿಪಿ ಏರಿದ ಗುರುತು, ತಡಮಾಡದೆ ಆಸ್ಪತ್ರೆಗೆ ಹೋಗಿ ಎಂಬ ಸಂದೇಶ ಹಚ್ಚಿದೆ.

"ಧ್ವನಿ ಸರಿಯಾಗಿ ಕೇಳಿಸ್ತದೇನವಾ?"

"ಭಾಳ ಚಲೋ ಕೇಳಿಸ್ತದ್ರಿ ಅಣ್ಣಾರ. ಖರೇನ ನೀವ ಮಾತಾಡೀರಿ? ಅಕ್ಕಾರ ಮುಂದ ನಿಮ್ಮ ಧ್ವನೀನ ಹೊರಡಂಗಿಲ್ಲ!"

ಒಳಗಿಂದ ಹೆಂಡತಿ ನಕ್ಕಳು. ನಾನೂ ನಕ್ಕೆ.

ಆ ಬಳೆಗಳು ಅವಳ ಕೈಗೆ ಬಿಗಿಯಾಗಿದ್ದವು ಎಂದು ಈಗ ನೆನಪಾಗುತ್ತದೆ. ಅವತ್ತೇ ಕಂಡೆನೋ, ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಹೊರಡುವ ಮುಂಚೆ ಬಿಪಿ ನೋಡಿಸು ಎಂದು ಹೇಳಿದ ನೆನಪೂ ಇದೆ. ಹೆಂಡತಿ ಒಪ್ಪುವುದಿಲ್ಲ. "ಏನೂ ಹೇಳಲಿಲ್ರಿ ನೀವು. ಧ್ವನಿ ಹೆಂಗದ ಅಂತ ಎರಡ ಸಲ ಕೇಳಿದ್ರಿ, ಅಷ್ಟ."

ಹದಿನೈದು ದಿನದ ಮೇಲೆ ಅವಳ ಗಂಡ, ಕೈಗೆ ಸಿಮೆಂಟು ಮೆತ್ತಿಕೊಂಡೇ, ಬಾಗಿಲಿಗೆ ಬಂದ. ಅವಳಿಗೆ ಸ್ವಂತ ಫೋನಿರಲಿಲ್ಲ. ನಾವು ಬರೆದುಕೊಂಡದ್ದು ಇವನ ನಂಬರು.

"ಅಣ್ಣಾರ, ನಿಮ್ಮ ಫೋನ ಬಂದಿತ್ರಿ. ತಲಿ ಸಿಡಿದ್ರ ದವಾಖಾನಿಗೆ ಹೋಗ್ರಿ ಅಂದ್ರಿ. ನಾ ಎದಕ್ಕ ಹೋಗ್ಲಿ? ತಲಿ ಸಿಡ್ಯಾಕತ್ತಿದ್ದು ಆಕಿಗೆ."

"ಎಷ್ಟು ದಿನದಿಂದ?"

"ಮೂರ ದಿನ ಆತ್ರಿ. ದೃಷ್ಟಿ ಆಗೇದ ಅಂತ ಅತ್ತಿ ನಿವಾಳಿಸ್ಯಾಳಂತ."

ಅವಳ ಅಪ್ಪನ ಫೋನಿಗೆ ಮತ್ತೆ ಮತ್ತೆ ಹಚ್ಚಿದೆವು. ಸಿಗಲಿಲ್ಲ. ಸಂಜೆ ಸಿಕ್ಕಾಗ, ಫಿಟ್ಸ್ ಬಂದು ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅವಳು ಉಳಿದಳು. ಕೂಸು ಉಳಿಯಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನನ್ನ ಹೆಂಡತಿಯೂ ಧಾರವಾಡಕ್ಕೆ ಹೋಗಿಯೇ ಹೆತ್ತವಳು. ಆದರೂ ನಾನೇ ಕೂತು ತಯಾರಿಸಿದ ಫಾರ್ಮಿನಲ್ಲಿ, ಎಂಟನೆಯ ತಿಂಗಳಿಗೆ ನೀನು ಯಾವ ಊರಲ್ಲಿರುತ್ತೀ, ಅಲ್ಲಿ ಯಾರ ಹತ್ತಿರ ಫೋನಿದೆ ಎಂದು ಕೇಳಿರಲಿಲ್ಲ. ಆಫೀಸಿನಲ್ಲಿ ಹೇಳಿದಾಗ ಮೇಲಧಿಕಾರಿ, "ಒಂದೇ ನಂಬರಿಗೆ ಜಾಗ ಇರುವುದು, ಮುಂದಿನ ವರ್ಷ ನೋಡೋಣ" ಎಂದರು. ಆ ತಿಂಗಳ ವರದಿಯಲ್ಲಿ ಅವಳ ಗಂಡನಿಗೆ ಹೋದ ಕರೆ 'ಪೂರ್ತಿ ಕೇಳಿದ್ದು' ಎಂಬ ಪಟ್ಟಿಯಲ್ಲಿತ್ತು. ಸುಳ್ಳೇನಲ್ಲ. ಪಾಪ, ಪೂರ್ತಿ ಕೇಳಿದ್ದ. ಆಮೇಲೆ ಎದೆಹಾಲಿನ ಬಗ್ಗೆಯೂ ಅವನಿಗೆ ಎರಡು ಕರೆ ಹೋದವು. ಆಫೀಸಿನಲ್ಲಿ ಜಗಳವಾಡಿ ನಾನೇ ಆ ನಂಬರು ಅಳಿಸಿದೆ.

ಮೂರು ತಿಂಗಳ ನಂತರ ಅವಳು ಕೆಲಸಕ್ಕೆ ಮರಳಿದಳು. ಒಂದು ವಾರ ತಡೆದುಕೊಂಡೆ. ಆಮೇಲೆ ಕೇಳಿಯೇಬಿಟ್ಟೆ: ಅವತ್ತು ಬಿಪಿ ನೋಡಿಸು ಅಂತ ನಾನು ಹೇಳಿದ್ದೆನೆ?

"ಹೇಳಿದ್ರಿರಬೇಕ್ರಿ ಅಣ್ಣಾರ. ನನಗ ನೆನಪ ಉಳಿದಿಲ್ಲ."

"ಹಾಗಲ್ಲ. ಖರೇ ಹೇಳು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಾಕು ಮಾಡಿ ಎಂದು ಕಣ್ಣಲ್ಲೇ ಗದರಿದಳು. ಹುಡುಗಿ ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹೇಳಿದ್ರಿ ಅಂದ್ರ ನಿಮಗ ಸಮಾಧಾನ ಆಗ್ತದೇನ್ರಿ? ಹಂಗಾದ್ರ ಹೇಳಿದ್ರಿ."

ನಳ ಬಿಟ್ಟು ಪಾತ್ರೆ ತಿಕ್ಕತೊಡಗಿದಳು.