ಸಂದಿಯಿಲ್ಲದ ಬಾಗಿಲು

ಕುಣಿಗಲ್‌ನಿಂದ ಬರುತ್ತಿದ್ದ ಆ ಬಡಗಿ ಯಾವುದನ್ನೂ ನಂಬುತ್ತಿರಲಿಲ್ಲ. ಕ್ಯಾತ್ಸಂದ್ರದ ನಮ್ಮ ಮನೆಯ ಗೋಡೆಯಿರಲಿ, ಅಂಗಡಿಯವನ ಮಾತಿರಲಿ, ಕಣ್ಣು ಕಿರಿದು ಮಾಡಿ, "ನಂಬಂಗಿಲ್ಲ ಕಣಮ್ಮ" ಎನ್ನುತ್ತಿದ್ದರು. ಟೀಗೆ ಹೋಗುವಾಗ ಗರಗಸದ ಮಿಷನ್ನಿನ ಬ್ಯಾಟರಿಯನ್ನೂ ಬಿಚ್ಚಿ ಜೊತೆಗೆ ಒಯ್ಯುತ್ತಿದ್ದರು.

ನನ್ನ ಕೋಣೆಯ ಹಳೆಯ ಬಾಗಿಲು ಬಾಗಿ ಪಕ್ಕದಲ್ಲಿ ಸಂದಿ ಬಿಟ್ಟಿತ್ತು. ನಾನು ಒಳಗೆ ಏನು ಮಾಡಿದರೂ ಹಾಲ್‌ನಲ್ಲಿ ಕೂತವರಿಗೆ ಕಾಣುತ್ತಿತ್ತು. ಹೊಸ ಬಾಗಿಲಿಗೆ ಹಟ ಹಿಡಿದಾಗ, "ಮುಚ್ಚಿಡೋ ಅಂಥದ್ದು ಏನೇ ಐತೆ ನಿಂಗೆ?" ಎಂದು ಅಮ್ಮ ಅನುಮಾನದಿಂದ ನೋಡಿದ್ದರು.

ತಂದ ಬಾಗಿಲು ಚೌಕಟ್ಟಿಗಿಂತ ಅಗಲವಿತ್ತು. ಅಂಚು ಕೊಯ್ಯುವಾಗ ಗರಗಸ ನೇರ ಓಡಲೆಂದು ತಂದಿದ್ದ ಅಲ್ಯೂಮಿನಿಯಂ ಪಟ್ಟಿಯನ್ನಿಟ್ಟು ಬಡಗಿ ಒಂದು ಗೆರೆ ಎಳೆದರು. ಪಟ್ಟಿಯನ್ನು ಮಗುಚಿ, ಅದೇ ಅಂಚಿನಿಂದ ಮೊದಲ ಗೆರೆಯ ಎರಡು ತುದಿಗಳ ನಡುವೆ ಮತ್ತೊಂದು ಗೆರೆ ಎಳೆದರು. ಪಟ್ಟಿ ನೇರವಿದ್ದರೆ ಎರಡೂ ಒಂದೇ ಆಗಬೇಕಿತ್ತು. ನಡುವೆ ಕೂದಲೆಳೆಯಷ್ಟು ಬೇರೆಯಾದವು.

"ನೋಡುದ್ರಾ? ಹೊಸಾದು! ಇದೂ ಡೊಂಕು!" ಅವರ ಮುಖದಲ್ಲಿ ಸಂತೋಷವೇ ಇತ್ತು.

ಬೇರೆ ಪಟ್ಟಿ ತಂದು, ಅದನ್ನೂ ಹಾಗೆಯೇ ಪರೀಕ್ಷಿಸಿ, ಎರಡೂ ತುದಿಗೆ ಕ್ಲಾಂಪ್ ಬಿಗಿದು, ಚಕ್ಕೆ ಏಳದಂತೆ ಗೆರೆಯ ಮೇಲೆ ಅಂಟು ಟೇಪು ಹಚ್ಚಿದ ಮೇಲೆಯೇ ಗರಗಸ ಹಿಡಿದರು.

ಬಾಗಿಲು ಕೂರಿಸಿದಾಗ, "ಸಂದಿ ಇಲ್ಲ" ಎಂದೆ.

"ನಂಬಂಗಿಲ್ಲ ಕಣಮ್ಮ." ತಾವೇ ಕೋಣೆಯೊಳಗೆ ಹೋಗಿ ಲೈಟ್ ಹಾಕಿ ಬಾಗಿಲು ಮುಚ್ಚಿಕೊಂಡರು. "ಕಾಣ್ತೀನಾ? ಸರ್ಯಾಗ್ ನೋಡಿ!"

ನಾನು ಅಂಚಿಗೆ ಕಣ್ಣಿಟ್ಟೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದರು. "ಒಳಗೇನೇ ಮಾಡ್ತಾವ್ರೆ ಆವಯ್ಯ?"

"ಗೊತ್ತಾಗ್ತಿಲ್ಲಮ್ಮ" ಎಂದೆ. ಅಷ್ಟು ಖುಷಿಯಿಂದ ಅಮ್ಮನಿಗೆ ನಾನು ಎಂದೂ ಉತ್ತರ ಕೊಟ್ಟಿರಲಿಲ್ಲ.