ಸೋಪಿನ ಹಾಡಿನ ಬಾಕಿ

ಟೈಲರಮ್ಮನಿಗೆ ಒಂದಿಷ್ಟು ದುಡ್ಡು ಬರಬೇಕಿತ್ತು. ಅದು ಬಾರದೇ ಇರಲಿ ಅಂತ ಆಕೆಯ ಆಸೆ. ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಪೂರ್ತಿ ಕೇಳಿ.

ಹರೆಯದಲ್ಲಿ ಆಕೆಯೂ ಅಕ್ಕನೂ ಒಂದು ಸೋಪಿನ ಜಾಹೀರಾತಿಗೆ ಹಾಡಿದ್ದರು. ಅಕ್ಕ ಕರೆಯುತ್ತಾಳೆ, ತಂಗಿ ಓಗೊಡುತ್ತಾಳೆ, ಅಷ್ಟೇ ಹಾಡು. ರೇಡಿಯೋದಲ್ಲಿ ಬರುವಷ್ಟು ಕಾಲ ಇಬ್ಬರಿಗೂ ರಾಯಲ್ಟಿ ಅಂತ ಕರಾರು. ಅಕ್ಕ ಮದುವೆಯಾಗದೆ ತೀರಿಹೋದಳು, ಅವಳ ಪಾಲೂ ತಂಗಿಗೇ ಬಂತು. ಅಷ್ಟರಲ್ಲಿ ರಾಯಲ್ಟಿ ಬಾಕಿ ಉಳಿಸಿಕೊಂಡಿದ್ದ ಸೋಪಿನ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಹಳೇ ಬಾಕಿ ಯಾರ ತಲೆಗೆ ಅಂತ ಮಾರಿದವರೂ ಕೊಂಡವರೂ ಕೋರ್ಟಿನಲ್ಲಿ ಜುಟ್ಟು ಜುಟ್ಟು ಹಿಡಿದುಕೊಂಡರು. ಕೊಂಡವರೇ ಕೊಡಬೇಕು, ಕೊಡುವ ತನಕ ಹಾಡು ಬದಲಾಯಿಸುವಂತಿಲ್ಲ ಅಂತ ತೀರ್ಪಾಯಿತು.

ಹಾಗಾಗಿ ದಿನಾ ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಅಕ್ಕ ಕರೆಯುತ್ತಿದ್ದಳು. ಟೈಲರಮ್ಮ ಮಿಷನ್ ತುಳಿಯೋದು ನಿಲ್ಲಿಸಿ ಓಗೊಡುತ್ತಿದ್ದಳು. ಮಗಳು ಆ ಹಾಡನ್ನು ಫೋನಿನಲ್ಲಿ ಹಿಡಿದಿಟ್ಟುಕೊಟ್ಟಿದ್ದಳು, ನಿಜ. ಆದರೆ ನಾವೇ ಒತ್ತಿ ಕರೆಸಿಕೊಳ್ಳೋದೂ ಒಂದು ಕರೆಯೇ?

ಕಂಪನಿ ಚೆಕ್ ಕಳಿಸಿತು. ಚೆಕ್ ತಗೊಳ್ಳಲೇಬೇಕು ಅಂತಿಲ್ಲ, ಬೇಡ ಅನ್ನಲಾಗದ್ದು ಚಲಾವಣೆಯ ನೋಟು ಮಾತ್ರ ಅಂತ ಗಿರಾಕಿ ವಕೀಲರೊಬ್ಬರು ಕೋಟಿನ ಅಳತೆ ಕೊಡುತ್ತಾ ಹೇಳಿದ್ದರು. ಆಕೆ ಚೆಕ್ ವಾಪಸ್ ಕಳಿಸಿದಳು. ಇಷ್ಟು ದೊಡ್ಡ ಕಂಪನಿಯಲ್ಲಿ ನಗದು ಕೊಡುವ ದಾರಿಯೇ ಇರಲಿಲ್ಲವಂತೆ! ಆ ಎಳೆದಾಟದಲ್ಲೇ ಒಂದು ವರ್ಷ ಕಳೆಯಿತು.

ಕೊನೆಗೊಂದು ಮಧ್ಯಾಹ್ನ ಕಂಪನಿಯ ಗುಮಾಸ್ತ ನೋಟಿನ ಕಟ್ಟು ತಂದು ಕತ್ತರಿಯ ಪಕ್ಕ ಇಟ್ಟ. ಆಕೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದರ ಮೂಲೆ ಹರಿದಿತ್ತು. ಹೋದ ಜೀವ ಬಂದಂತಾಯಿತು. ಇದು ನಡೆಯೋಲ್ಲ, ಸರಿ ಮಾಡಿಕೊಂಡು ಬನ್ನಿ ಅಂದಳು. ಗುಮಾಸ್ತ, ಪಾಪ, ಒಳ್ಳೆಯವನು. ಈ ಹೆಂಗಸನ್ನು ಮತ್ತೆ ಕಾಯಿಸೋದು ಬೇಡ ಅಂತ ಹರಿದದ್ದನ್ನು ತಾನು ಇಟ್ಟುಕೊಂಡು, ಜೇಬಿನಿಂದ ಗರಿಗರಿ ನೋಟು ತೆಗೆದು ಕೊಟ್ಟ.

"ಈಗ ಸರಿ ಹೋಯ್ತಲ್ಲಮ್ಮ?"

"ನಾಳೆ ಬೆಳಿಗ್ಗೆ ಒಂದೇ ಒಂದು ಸಲ ಆ ಹಾಡು ಹಾಕಿಸ್ತೀರಾ? ಅದರಲ್ಲಿ ನಮ್ಮಕ್ಕ ಇದಾಳೆ."

ಅದು ತನ್ನ ಕೈಯಲ್ಲಿಲ್ಲ, ಹೊಸ ಹಾಡು ಆಗಲೇ ತಯಾರಾಗಿದೆ ಅಂತ ಆತ ತಲೆ ತಗ್ಗಿಸಿದ. ಆಕೆ ರಸೀದಿಗೆ ಸಹಿ ಹಾಕಿದಳು.

ಮರುದಿನ ವಾರ್ತೆ ಮುಗಿಯಿತು. ಯಾವುದೋ ಹುಡುಗಿ ಹಾಡಿದಳು. ಕರೆದವಳೂ ಅವಳೇ, ಓಗೊಟ್ಟವಳೂ ಅವಳೇ. ಚೆನ್ನಾಗೇ ಹಾಡಿದಳು. ಟೈಲರಮ್ಮ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಳು. ಆಮೇಲೆ ಮಗಳ ಎದುರಿಗೇ "ಅಕ್ಕಾ" ಅಂತ ತಾನೇ ಕರೆದು ಅತ್ತುಬಿಟ್ಟಳು.