ಅಕ್ಕನ ಬರಹಕ್ಕೆ ಮೇಷ್ಟ್ರ ಮೂಗು

ನಮ್ಮ ದೊಡ್ಡಮ್ಮನ ಮಗಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಮೂಗಿಗೆ ಬೇರೆ ಕೆಲಸವಿಲ್ಲದ್ದರಿಂದ ಕೋಪಕ್ಕೆ ಜಾಗ ಧಾರಾಳ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೋಗುವಾಗ ಅವಳಿಗೆ ವಾಸನೆ ತಿಳಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ತನ್ನ ಅಣ್ಣ ಆಡಿಕೊಳ್ಳುತ್ತಾನೆಂದು ಅದನ್ನು ಯಾರಿಗೂ ಹೇಳಲಿಲ್ಲ. ಎಲ್ಲರೂ "ಘಮ್ ಅಂತಿದೆ" ಅಂದಾಗ ತಾನೂ "ಹೂಂ, ಘಮ್" ಎನ್ನುವುದನ್ನು ಕಲಿತಳು.

ಅಂಥವಳು ಬದುಕು ಕಳೆದದ್ದು ಬೇಕರಿಯಲ್ಲಿ! ಒಳಗೆ ಒಲೆಯ ಮುಂದೆ ಅಣ್ಣ, ಹೊರಗೆ ಗಾಜಿನ ಕಪಾಟಿನ ಹಿಂದೆ ಇವಳು. "ಬನ್ನಿ, ಬನ್ನಿ" ಎಂದು ಕರೆದು ಬನ್ನು ಕೊಡುವವಳಾದ್ದರಿಂದ ಬೀದಿಗೆಲ್ಲ ಬನ್ನಕ್ಕ. ಬ್ರೆಡ್ಡಿನ ತಳ ತಟ್ಟಿ, ಸದ್ದು ಕೇಳಿ, ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದಳು. ಮೂಗಿನ ಕೆಲಸವನ್ನು ಕಿವಿಗೆ ವಹಿಸಿದ್ದಾಳೆಂದು ಯಾರಿಗೆ ಗೊತ್ತು?

ಒಂದು ಬೆಳಿಗ್ಗೆ ಅಣ್ಣನಿಗೆ ನೆಗಡಿ. ಒಲೆ ಹಚ್ಚುವ ಮುಂಚೆ, "ಗ್ಯಾಸ್ ವಾಸನೆ ಏನಾದ್ರೂ ಬರ್ತಿದೆಯೇನೇ?" ಎಂದು ಕೂಗಿ ಕೇಳಿದ. ಫೋನಿನಲ್ಲಿದ್ದ ಅಕ್ಕ ಅಭ್ಯಾಸಬಲದಿಂದ "ಇಲ್ಲ" ಅಂದಳು. ಭಗ್ಗೆಂದು ಹೊತ್ತಿದ ಬೆಂಕಿ ಅಣ್ಣನ ಬಲಗೈಯನ್ನು ಸುಟ್ಟು ಮುರುಟಿಸಿತು. ಅಲ್ಲಿಂದೀಚೆಗೆ ಅವನು ಹಿಟ್ಟು ನಾದುವುದು ಎಡಗೈಯಲ್ಲಿ. ಫೋನಿನಲ್ಲಿ ಹಲ್ಲು ಕಿರಿಯುತ್ತ ಬಾಯಿಗೆ ಬಂದದ್ದು ಹೇಳಿದಳೆಂಬುದು ಅವನ ಸಿಟ್ಟು. ಒಂದೇ ಸೂರಿನಡಿ ದುಡಿಯುವ ಅಣ್ಣ ತಂಗಿಯ ನಡುವೆ ಆಮೇಲೆ ಉಳಿದದ್ದು "ಎರಡು ಪೌಂಡು", "ರಸ್ಕು ಮುಗೀತು" ಎಂಬ ಮಾತುಗಳು ಮಾತ್ರ. ರಸ್ಕಿಗಿಂತ ಒಣ ಸಂಸಾರ.

ಹೀಗಿರುವಾಗ ವಾಚನಾಲಯದ ಮಹಡಿಯಲ್ಲಿ ಭಾನುವಾರದ ಬರವಣಿಗೆ ತರಗತಿ ಶುರುವಾಯಿತು. ಅಕ್ಕ ಸೇರಿದಳು, ಜೊತೆಗೆ ನನ್ನನ್ನೂ ಎಳೆದಳು. ಮೇಷ್ಟ್ರು ಬೋರ್ಡಿನ ಮೇಲೆ ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಬರೆದರು. ಏನೇ ಬರೆದರೂ ಐದೂ ಇಂದ್ರಿಯಗಳು ಹಾಜರಿ ಹಾಕಬೇಕು. ಯಾವುದು ತಪ್ಪಿಸಿಕೊಂಡಿತೋ ಅದನ್ನು ಮೇಷ್ಟ್ರೇ ಎಳೆತಂದು ಕೂರಿಸುವರು. ಬರೆಯುವವರ ಬದುಕಿನ ಮೇಲೆ ಇಂದ್ರಿಯಗಳ ಪಂಚಾಯ್ತಿ! ಅದರಲ್ಲೂ ಮೂಗೆಂದರೆ ಅವರಿಗೆ ಪ್ರಾಣ. ತರಗತಿಗೆ ಬರುತ್ತಿದ್ದ ನರ್ಸಮ್ಮ ಬರೆದ ಆಸ್ಪತ್ರೆಯಲ್ಲಿ, ಅವರು ತಿದ್ದಿದ ಮೇಲೆ, ಫಿನಾಯಿಲ್ ಕೂಡ ಕಂಪು ಸೂಸಿತು.

ಅಕ್ಕ ಆ ಬೆಳಗಿನ ಬಗ್ಗೆ ಬರೆದು, ಮೊದಲು ನನಗೆ ಓದಿದಳು. ಮೂಗಿನ ವಿಷಯ ನನಗೂ ತಿಳಿದದ್ದು ಆಗಲೇ. ಕಪಾಟಿನ ಗಾಜಿನ ತಣ್ಣಗಿನ ಅಂಚು, ಲೈಟರಿನ ಟಿಕ್, ಬೆಂಕಿ ಕೆನ್ನೆಗೆ ಬಡಿದ ಬಿಸಿ, ಎಲ್ಲವೂ ಅದರಲ್ಲಿತ್ತು. ನಡುವೆ ಈ ಸಾಲು: "ಅಣ್ಣ ಕೇಳಿದ. ಇಲ್ಲ ಅಂದೆ. ಜ್ವರ ಬಂದು ಹೋದಾಗಿನಿಂದ ನನಗೆ ಯಾವ ವಾಸನೆಯೂ ಬಂದಿಲ್ಲ."

"ನೇರವಾಗಿ ಅವನಿಗೇ ಹೇಳಬಾರದಾ?" ಅಂದೆ.

"ಬಾಯಿ ತೆಗೆದ್ರೆ ಮುಖ ತಿರುಗಿಸ್ತಾನೆ ಕಣೋ. ಆದ್ರೆ ಅಚ್ಚಾಗಿದ್ದನ್ನ ಬಿಡಲ್ಲ. ರಸ್ಕು ಕಟ್ಟೋ ಹಳೇ ಪೇಪರನ್ನೂ ಓದಿಯೇ ಕಟ್ಟೋದು."

ತರಗತಿಯವರ ಬರಹಗಳನ್ನು ಸೇರಿಸಿ ಮೇಷ್ಟ್ರು ಅಚ್ಚು ಹಾಕಿಸಿದ ಪುಸ್ತಕದ ಬಿಡುಗಡೆಯ ದಿನ ಬನ್ನಿನ ಆರ್ಡರು ಅಣ್ಣನಿಗೇ ಹೋಗುವಂತೆ ಅಕ್ಕ ನೋಡಿಕೊಂಡಳು. ಅಣ್ಣ ಬಿಸಿ ಬನ್ನಿನ ದೊಡ್ಡ ತಟ್ಟೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿದ್ದ ಪುಸ್ತಕ ತೆರೆದ, ತಂಗಿಯ ಪುಟ ಹುಡುಕಿದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖ ಕಪ್ಪಿಟ್ಟಿತು.

"ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಇಲ್ಲ ಅಂದ್ಯಾ?"

ಅಕ್ಕ ಪುಸ್ತಕ ಕಿತ್ತುಕೊಂಡಳು. ಅಚ್ಚಾದದ್ದು ಹೀಗಿತ್ತು: "ಕೊಳೆತ ಮೊಟ್ಟೆಯಂಥ ಕಮಟು ವಾಸನೆ ನನ್ನ ಮೂಗಿಗೆ ಅಡರುತ್ತಿತ್ತು. ಅಣ್ಣ ಕೇಳಿದ. ಇಲ್ಲ ಅಂದೆ." ಜ್ವರದ ಮಾತು ಮಾಯ.

"ಮೇಷ್ಟ್ರೇ! ಇದೇನಿದು?"

"ಮೂಗೊಂದು ಬಿಟ್ಟುಹೋಗಿತ್ತಲ್ಲಮ್ಮಾ," ಮೇಷ್ಟ್ರು ನಕ್ಕರು. "ವಾಸನೆಯೇ ಬರಲ್ಲ ಅಂತ ಬರೆದು ನಾನು ಕೊಟ್ಟ ಪಾಠದಿಂದ ಜಾರಿಕೊಂಡಿದ್ರಿ. ನಾನು ಒಂಚೂರು ಜೀವ ತುಂಬಿದೆ."

"ಜೀವ ತುಂಬಿದ್ರಾ? ನನ್ನನ್ನ ಕೊಲೆಗಾತಿ ಮಾಡಿದ್ದೀರಿ! ಬರದೇ ಇರೋ ವಾಸನೇನ ನನ್ನ ಮೂಗಿಗೆ ತುರುಕೋಕೆ ನೀವ್ಯಾರು?"

"ಓದುಗರಿಗೆ ಅನುಭವ ಆಗ್ಬೇಕಲ್ವೇ? ಅದು ಬರೀ ವರ್ಣನೆ..."

"ಇವನ ಕೈ ನೋಡಿ. ಇದೂ ವರ್ಣನೇನಾ?"

ಕಾನ್ವೆಂಟಿನಲ್ಲಿ ಸಿಸ್ಟರುಗಳು ನನ್ನ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಮೀಯಿಸಿದ್ದುಂಟು. ಆದರೆ ಮಾಡದ ಪಾಪವನ್ನು ನನ್ನ ಹೆಸರಿನಲ್ಲಿ ಬರೆದು ಅಚ್ಚು ಹಾಕಿಸಿದವರಲ್ಲ. ಪರರ ವಿಷಯದಲ್ಲಿ ಮೂಗು ತೂರಿಸುವವರನ್ನು ಕಂಡಿದ್ದೇನೆ. ಪರರಿಗೆ ತನ್ನ ಮೂಗನ್ನೇ ಅಂಟಿಸಿ, ಚಂದ ಕಾಣುತ್ತೀರಿ ಎನ್ನುವವರನ್ನು ಕಂಡದ್ದು ಅಂದೇ. ಮೂಗಿಲ್ಲದವಳನ್ನು ಮೂಗಿ ಮಾಡುವುದಕ್ಕೆ ಶಿಕ್ಷಣ ಎನ್ನುತ್ತಾರೇನು?

ಅಣ್ಣ ಮಾತ್ರ ಬೇರೇನೋ ಲೆಕ್ಕ ಹಾಕುತ್ತಿದ್ದ.

"ಒಳಗೆ ಬನ್ ಕರಟಿ ಹೊಗೆ ಬಂದ್ರೂ ನೀನು ಕೂತ ಜಾಗದಿಂದ ಏಳ್ತಿರಲಿಲ್ಲ. ನಾನು ಕಿರುಚಬೇಕಿತ್ತು."

"ಹೂಂ."

"ಸೊಕ್ಕು ಅಂದ್ಕೊಂಡಿದ್ದೆ."

"ಸೊಕ್ಕೂ ಇದೆ. ಆದ್ರೆ ಅದು ಸೊಕ್ಕಲ್ಲ."

"ಹೇಳೋಕೆ ಏನು ಧಾಡಿ ನಿಂಗೆ, ಕತ್ತೆ?"

"ನೀನು ಆಡ್ಕೋತಿದ್ದೆ."

"ಆಡ್ಕೋತಿದ್ದೆ," ಎಂದು ಅಣ್ಣ ಒಪ್ಪಿಕೊಂಡ. ಆಮೇಲೆ ಮೇಷ್ಟ್ರ ಕಡೆ ತಿರುಗಿದ. "ಸ್ವಾಮೀ, ನನ್ನ ತಂಗಿ ಏನು ಬರೆದಿದ್ಲೋ ಅದನ್ನೇ ಈಗ ಓದ್ತಾಳೆ. ಎಲ್ಲರೂ ಕೇಳ್ತಾರೆ. ಆ ಸಾಲನ್ನ ಎಲ್ಲ ಪುಸ್ತಕದಲ್ಲೂ ಹೊಡೆದು ಹಾಕಿ. ಅಲ್ಲೀವರೆಗೆ ಬನ್ ಯಾರಿಗೂ ಇಲ್ಲ."

"ಇದು ಸಾಹಿತ್ಯದ ಕಾರ್ಯಕ್ರಮ ರೀ!"

"ಬನ್ ನಂದು."

ಅಕ್ಕ ವೇದಿಕೆ ಹತ್ತಿ, ಪುಸ್ತಕ ಮುಚ್ಚಿಟ್ಟು, ತಾನು ಬರೆದದ್ದನ್ನು ಬಾಯಿಪಾಠವಾಗಿ ಹೇಳಿದಳು. ಜ್ವರದ ಮಾತನ್ನೂ ಬಿಡಲಿಲ್ಲ. ಅಣ್ಣ ತಟ್ಟೆಯನ್ನು ಎಡಗೈ ಮೇಲೆ ಹೊತ್ತು ಬಾಗಿಲಲ್ಲಿ ನಿಂತು ಕೇಳಿದ. ಪೆನ್ನುಗಳು ಹೊರಬಂದವು. ನರ್ಸಮ್ಮ ತನ್ನ ಫಿನಾಯಿಲ್ಲಿನ ಕಂಪನ್ನೂ ಅದೇ ಕೈಯಲ್ಲಿ ಹೊಡೆದು ಹಾಕಿದರು. ಪ್ರತಿಗಳನ್ನೆಲ್ಲ ತಿದ್ದಿ ಮುಗಿದ ಮೇಲೆ ಅಣ್ಣನೇ ಸಾಲುಸಾಲಾಗಿ ಬನ್ನು ಹಂಚಿದ.

ಪೆನ್ನು ಮುಟ್ಟದೆ ಕೂತಿದ್ದವರು ಮೇಷ್ಟ್ರೊಬ್ಬರೇ. ಅವರಿಗೆ ಘಮ ಚೆನ್ನಾಗಿ ಬರುತ್ತಿತ್ತು. ಬನ್ನು ಬರಲಿಲ್ಲ.